ಹಳ್ಳಕ್ಕೆ ಬಿದ್ದ ಮೇಲೆ ಕುಡಿದದ್ದು

ಫೆಬ್ರವರಿ ೧೧, ಶನಿವಾರ

ಬಿಯರ್ ಕಂಪನಿಯವರು ಪುಕ್ಕಟೆ ಕೊಟ್ಟ ಈ ಡೈರಿಯ ಪ್ರತಿ ಪುಟದ ಕೆಳಗೂ ‘ಜವಾಬ್ದಾರಿಯಿಂದ ಕುಡಿಯಿರಿ’ ಎಂದು ಅಚ್ಚು ಹಾಕಿದ್ದಾರೆ. ನನ್ನ ತಮ್ಮ ವೆಂಡೆಲ್‌ಗೂ ಒಂದು ಕೊಡಬೇಕಿತ್ತು. ನಿನ್ನೆ ಸಂಜೆ ಅವನು ಬಹಳ ಜವಾಬ್ದಾರಿಯಿಂದ ಮಿಸೆಸ್ ಲಿಂಡಾಲ್ ಮನೆಯ ಮುಂದಿನ ಟಪಾಲು ಪೆಟ್ಟಿಗೆಯನ್ನು ಬುಡಸಮೇತ ಕಿತ್ತು, ಪಿಕಪ್ಪನ್ನು ರಸ್ತೆ ಪಕ್ಕದ ಹಳ್ಳಕ್ಕಿಳಿಸಿ, ಮೊಣಕಾಲುದ್ದ ಹಿಮ ತುಳಿದುಕೊಂಡು ನನ್ನ ಬಾರಿನ ಹಿಂಬಾಗಿಲಿಗೆ ಬಂದ.

ಶುಕ್ರವಾರ ಮೀನು ಕರಿಯುವ ದಿನ. ಅರ್ಧ ಊರು ನನ್ನ ಬಾರಿನಲ್ಲಿ ಕೂತಿರುತ್ತದೆ, ಇನ್ನರ್ಧ ಜಾಗಕ್ಕೆ ಕಾಯುತ್ತಿರುತ್ತದೆ. ನನ್ನ ಎರಡು ಕೈಯಲ್ಲೂ ತಟ್ಟೆ.

“ಅಕ್ಕ, ಒಂದು ಟ್ರ್ಯಾಕ್ಟರ್ ಬೇಕಿತ್ತು.”

“ಮೊದಲು ಬಾಗಿಲು ಹಾಕು. ಊರಿನ ಚಳಿಯೆಲ್ಲ ಒಳಗೆ ಬರ್ತಿದೆ.”

ಬ್ರಾಂಡಿ ಕೊಟ್ಟೆ. ಎರಡು ಪೆಗ್. ನಮ್ಮ ವಿಸ್ಕಾನ್ಸಿನ್ ರಾಜ್ಯದಲ್ಲಿ ಹಿಮದಿಂದ ಒಳಗೆ ಬಂದದ್ದು ನಾಯಿಯಾದರೂ ಬ್ರಾಂಡಿ ಕೊಟ್ಟೇ ಮಾತಾಡಿಸುತ್ತೇವೆ. ಮುಂಚೆಯೇ ಕುಡಿದಿದ್ದನೇ ಎಂದರೆ ನಾನೇನು ಹೇಳಲಿ? ಇಡೀ ದಿನ ಹೆಪ್ಪುಗಟ್ಟಿದ ಕೆರೆಯ ಮೇಲೆ, ಮೀನು ಹಿಡಿಯುವ ಗುಡಿಸಲಿನಲ್ಲಿ ಗೆಳೆಯರ ಜೊತೆ ಇದ್ದ. ಚಹಾ ಕುಡಿದಿರಬೇಕು. ನನ್ನೆದುರು ಮಾತ್ರ ನೆಟ್ಟಗೆ ನಿಂತಿದ್ದ. ಗೋಡೆಗೆ ಒರಗಿಕೊಂಡು ನೆಟ್ಟಗೆ ನಿಂತಿದ್ದ.

ಮುಕ್ಕಾಲು ಗಂಟೆಯ ಮೇಲೆ ಶೆರಿಫ್ ಕಚೇರಿಯ ಮಾರ್ಸಿ ಬಂದಳು. “ವೆಂಡೆಲ್, ನಿನ್ ಗಾಡಿ ಹೆಡ್‌ಲೈಟು ನಕ್ಷತ್ರ ಎಣಿಸ್ತಾ ಇದೆ. ಬಾ, ಹೋಗೋಣ.” ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ತೆಗೆಸಿದಳಂತೆ. ಮಿತಿಗಿಂತ ಎರಡು ಪಟ್ಟಿಗೂ ಹೆಚ್ಚು.

ಇದು ಅವನ ನಾಲ್ಕನೆಯ ಸಲ.


ಫೆಬ್ರವರಿ ೧೪, ಮಂಗಳವಾರ

ಜಾಮೀನು ಸಿಕ್ಕಿತು. ನಮ್ಮ ರಾಜ್ಯದಲ್ಲಿ ಕುಡಿದು ಗಾಡಿ ಓಡಿಸಿ ಮೊದಲ ಸಲ ಸಿಕ್ಕಿಬಿದ್ದರೆ ಬರೀ ದಂಡ. ಕಟ್ಟಿ ಬಂದವನಿಗೆ ಗೆಳೆಯರು ಕುಡಿಸುತ್ತಾರೆ. ಎರಡನೆಯ, ಮೂರನೆಯ ಸಲ ಸ್ವಲ್ಪ ದಿನ ಊರ ಜೈಲು. ನಾಲ್ಕನೆಯದಕ್ಕೆ ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಜ್ಞಾನೋದಯವಾಗುತ್ತದೆ. ಅದು ಫೆಲನಿ, ಅಂದರೆ ದರೋಡೆ ಮಾಡಿದವರ ಸಾಲಿಗೆ ಸೇರುವ ದೊಡ್ಡ ಕೇಸು. ವರ್ಷಗಟ್ಟಲೆ ಸೆರೆಮನೆ. ಹೊರಗೆ ಬಂದ ಮೇಲೂ ಸಾಯುವ ತನಕ ಬಂದೂಕು ಮುಟ್ಟುವಂತಿಲ್ಲ.

“ಜೈಲಿಗೆ ಬೇಕಾದ್ರೆ ಹೋಗ್ತೀನಕ್ಕ,” ಎಂದ. “ಆದ್ರೆ ಅಪ್ಪನ ಬಂದೂಕು? ನವೆಂಬರ್‌ನಲ್ಲಿ ಜಿಂಕೆ ಬೇಟೆಗೆ ಎಲ್ಲರೂ ಕಾಡಿಗೆ ಹೋದಾಗ ನಾನೇನು ಮನೇಲಿ ಕೂತು ಸ್ವೆಟರ್ ಹೆಣೀಲಾ?”

ನಗಬೇಕೆಂದುಕೊಂಡೆ, ಆಗಲಿಲ್ಲ. ಅಮ್ಮ ಸತ್ತಾಗ ಅವನಿಗೆ ಒಂಬತ್ತು, ನನಗೆ ಇಪ್ಪತ್ಮೂರು. ಸಾಕಿದ್ದು ನಾನು. ಅವನನ್ನು ಸೆರೆಮನೆಗೆ ಕಳಿಸುವುದು ನನ್ನಿಂದಾಗದು.


ಮಾರ್ಚ್ ೭, ಮಂಗಳವಾರ

ವಕೀಲ ರಾಡ್ನಿ ಸ್ಟೌಬ್‌ನನ್ನು ಕಂಡೆವು. ಹೆದ್ದಾರಿ ಪಕ್ಕದ ದೊಡ್ಡ ಹಲಗೆಯ ಮೇಲೆ ಹಲ್ಲು ಕಿರಿಯುತ್ತ ‘ಸಿಕ್ಕಿಬಿದ್ದಿರಾ? ಫೋನ್ ಮಾಡಿ’ ಎನ್ನುವವನು ಅವನೇ. ಎದುರಿಗೆ ನೋಡಿದರೆ ಹಲ್ಲು ಅಷ್ಟು ಬೆಳ್ಳಗಿಲ್ಲ.

ಎಲ್ಲ ಕೇಳಿದ. ಆಮೇಲೆ ದೇವರ ದರ್ಶನವಾದವನಂತೆ ಮೇಲೆ ನೋಡಿದ. “ಅಂದ್ರೆ ಪೊಲೀಸರು ಇವರನ್ನ ಸ್ಟೀರಿಂಗ್ ಹಿಂದೆ ನೋಡೇ ಇಲ್ಲ! ನೋಡಿದ್ದು ಬಾರಲ್ಲಿ. ಕೈಯಲ್ಲಿ ಲೋಟ!”

“ಹೌದು.”

“ಮೇಡಂ, ಹಳ್ಳಕ್ಕೆ ಬಿದ್ದ ಮೇಲೆ ಕುಡಿಯೋದು ಅಪರಾಧ ಅಲ್ಲ. ಮಂಜುಗಡ್ಡೆ ಮೇಲೆ ಚಕ್ರ ಜಾರ್ತು. ಪಾಪ, ಹೆದರಿದರು. ಅಕ್ಕನ ಹತ್ರ ಬಂದರು. ಅಕ್ಕ ಕುಡಿಸಿದರು. ರಕ್ತದಲ್ಲಿ ಇದ್ದದ್ದು ಆ ಬ್ರಾಂಡಿ. ಓಡಿಸೋವಾಗ ಹಾಲು ಕುಡಿದ ಮಗು.”

ವೆಂಡೆಲ್ ಹಾಲು ಕುಡಿದ ಮಗುವಿನ ಮುಖ ಮಾಡಲು ನೋಡಿದ. ಹೊಂದಲಿಲ್ಲ.

“ಎಷ್ಟು ಪೆಗ್ ಕೊಟ್ರಿ?”

“ಎರಡು.”

ಸ್ಟೌಬ್‌ನ ಮುಖ ಬಾಡಿತು. ಒಂದು ಲೆಕ್ಕದ ಪಟ್ಟಿ ತೆಗೆದು ನನ್ನ ಮುಂದಿಟ್ಟ. ಇಷ್ಟು ತೂಕದ ಗಂಡಸು ಇಷ್ಟು ಪೆಗ್ ಹಾಕಿದರೆ ರಕ್ತದಲ್ಲಿ ಇಷ್ಟು. “ನೀವು ಏನು ಹೇಳ್ಬೇಕು ಅಂತ ನಾನು ಹೇಳಲ್ಲ. ಹಾಗೆ ಹೇಳೋದು ತಪ್ಪು. ಎಷ್ಟು ಅಂದ್ರೆ ಏನಾಗುತ್ತೆ ಅಂತ ಮಾತ್ರ ತೋರಿಸ್ತೀನಿ. ಎರಡು ಅಂದ್ರೆ ಸೆರೆಮನೆ. ನಾಲ್ಕು ಅಂದ್ರೆ ಜ್ಯೂರಿಗೆ ಅನುಮಾನ. ಆರು ಅಂದ್ರೆ ಮನೆ.” ಬೆರಳನ್ನು ಆರರ ಮೇಲೇ ಬಿಟ್ಟು ಕಾಫಿ ತರಿಸಿದ. ಎಂಥ ಪ್ರಾಮಾಣಿಕ ಮನುಷ್ಯ. ಬೆರಳು ತೋರಿಸಿದ್ದೇ ಹೊರತು ಬಾಯಿ ಬಿಟ್ಟು ಒಂದು ಮಾತು ಹೇಳಲಿಲ್ಲ.


ಏಪ್ರಿಲ್ ೨, ಭಾನುವಾರ

ಜಾಮೀನಿನ ಷರತ್ತು: ಒಂದು ಹನಿ ಕುಡಿಯುವಂತಿಲ್ಲ, ಗಾಡಿ ಓಡಿಸುವಂತಿಲ್ಲ, ಬಾರಿಗೆ ಕಾಲಿಡುವಂತಿಲ್ಲ. ಕರೆದಾಗಲೆಲ್ಲ ಹೋಗಿ ಯಂತ್ರಕ್ಕೆ ಊದಬೇಕು. ಅಕ್ಕನ ಬಾರೇ ಹೊಟ್ಟೆಪಾಡು ಎಂದು ಸ್ಟೌಬ್ ವಾದಿಸಿದ್ದಕ್ಕೆ ನ್ಯಾಯಾಧೀಶರು ಅಡುಗೆಮನೆಯ ಮಟ್ಟಿಗೆ ಅಪ್ಪಣೆ ಕೊಟ್ಟರು. ತೂಗುಬಾಗಿಲಿನ ಈಚೆ ನಿಂತು ಮೀನು ಕರಿದರೆ ಸಂಭಾವಿತ, ಆಚೆಗೆ ಒಂದು ಹೆಜ್ಜೆ ಇಟ್ಟರೆ ಅಪರಾಧಿ. ಗಿರಾಕಿಗಳಿಗೆ ಒಳ್ಳೆಯ ಮೋಜು. ಬಾಗಿಲ ಸಂದಿಯಿಂದ ಲೋಟ ಎತ್ತಿ ತೋರಿಸಿ “ವೆಂಡೆಲ್, ನಿನ್ ಹೆಸರಲ್ಲಿ ಒಂದು!” ಎನ್ನುತ್ತಾರೆ.

ಇವತ್ತು ಪೆಗ್ ಅಳೆಯುವಾಗ ಯೋಚನೆ ಬಂತು. ನನ್ನ ಕೈ ಧಾರಾಳ. ನಾನು ಎರಡು ಅಂದರೆ ಬೇರೆಯವರ ಅಳತೆಯಲ್ಲಿ ಮೂರು. ಇದು ಸುಳ್ಳಲ್ಲ, ಇಡೀ ಊರಿಗೆ ಗೊತ್ತಿರುವ ಸಂಗತಿ.


ಮೇ ೧೨, ಶುಕ್ರವಾರ

ಕುಡಿಯದ ವೆಂಡೆಲ್ ಎಂಥ ಕಾಟ! ಬೆಳಿಗ್ಗೆ ಆರಕ್ಕೆ ನನ್ನ ಚಾವಣಿಯ ಮೇಲೆ ಧಡಧಡ ಸದ್ದು. ಹತ್ತು ವರ್ಷದಿಂದ ಸೋರುತ್ತಿದ್ದ ಕಡೆ ತಗಡು ಹೊಡೆಯುತ್ತಿದ್ದಾನೆ. ಹಾಡು ಪೆಟ್ಟಿಗೆ ರಿಪೇರಿ ಮಾಡಿದ. ಮರೆತುಹೋಗಿದ್ದ ದರಿದ್ರ ಹಾಡುಗಳನ್ನೆಲ್ಲ ಈಗ ಮತ್ತೆ ಕೇಳಬೇಕು. ಮೀನಿನ ಹಿಟ್ಟಿಗೆ ಏನೋ ಸೇರಿಸಿದ್ದಾನೆ, ಕೇಳಿದರೆ ಹೇಳುವುದಿಲ್ಲ. ಮಿಸೆಸ್ ಲಿಂಡಾಲ್ ಎರಡು ಸಲ ಹಾಕಿಸಿಕೊಂಡರು. ನನ್ನ ಕೈಯ ಮೀನನ್ನು ಮೂವತ್ತು ವರ್ಷ ತಿಂದರು, ಒಂದು ದಿನ ಎರಡನೆಯ ತಟ್ಟೆ ಕೇಳಿದವರಲ್ಲ.

ಅವನು ಹಳ್ಳಕ್ಕೆ ಬಿದ್ದು ಬಂದ ಸಂಜೆ ನಾನು ಬಾಣಲೆ ಹತ್ತಿರ ಹೋಗಿದ್ದೆ. ಬಾಟಲಿ ಅವನ ಕೈಗೆಟುಕುವಂತೇ ಇತ್ತು. ಅವನು ಸುಮ್ಮನಿರುವ ಪೈಕಿಯೇ? ತಾನೇ ಹಾಕಿಕೊಂಡಿರುತ್ತಾನೆ. ನಾಲ್ಕು ಆಗಿರಲೇಬೇಕು.


ಜುಲೈ ೫, ಬುಧವಾರ

ನಿನ್ನೆ ದೇಶದ ಹುಟ್ಟುಹಬ್ಬ. ಪಟಾಕಿ ಎಲ್ಲ ಮುಗಿದ ಮೇಲೆ ಇವತ್ತು ಬೆಳಿಗ್ಗೆ ಕೆರೆಯ ಅಟ್ಟಣೆಯ ಮೇಲೆ ಇಬ್ಬರೂ ಕಾಲು ಇಳಿಬಿಟ್ಟು ಕೂತಿದ್ದೆವು. ಕಾಫಿ ಅವನೇ ಮಾಡಿ ತಂದಿದ್ದ.

“ಅಕ್ಕ, ಬೆಳಿಗ್ಗೆ ಅಂತ ಒಂದಿದೆ ಗೊತ್ತಾ?” ಎಂದ. “ಎಷ್ಟು ಚೆನ್ನಾಗಿರುತ್ತೆ.”

“ನಿನ್ನ ಹೊಗಳಿಕೆ ಕೇಳಿ ಸೂರ್ಯ ನಾಳೆಯಿಂದ ಇನ್ನೂ ಸ್ವಲ್ಪ ಮುಂಚೆ ಬರ್ತಾನಂತೆ.”

ನಲವತ್ತೇಳು ವರ್ಷಕ್ಕೆ ಬೆಳಗು ಕಂಡುಹಿಡಿದ ಮಹಾನುಭಾವ. ಅವನ ಕೈ ನಡುಗುತ್ತಿರಲಿಲ್ಲ. ಅಪ್ಪನ ಕೈಯ ಹಾಗೇ ಅಗಲ ಕೈ ಎಂದು ನನಗೆ ಇವತ್ತೇ ಕಂಡಿದ್ದು. ಖುಷಿಯಾಯಿತು. ಬರೆಯಲು ನಾಚಿಕೆ ಏಕೆ, ಬಹಳ ಖುಷಿಯಾಯಿತು.

ಇಂಥವನನ್ನು ಸೆರೆಮನೆಗೆ ಹಾಕಬೇಕಂತೆ. ಐದು ಇರಬಹುದು ಎಂದು ಸ್ಟೌಬ್‌ಗೆ ಫೋನ್ ಮಾಡಿ ಹೇಳಿದೆ. “ನೆನಪು ಅನ್ನೋದು ಹಾಗೇ ಮೇಡಂ, ನಿಧಾನಕ್ಕೆ ಬರುತ್ತೆ,” ಎಂದ.


ಆಗಸ್ಟ್ ೧೯, ಶನಿವಾರ

ಸೆಖೆ. ನೊಣ. ವಿಚಾರಣೆ ಮುಂದಕ್ಕೆ ಹೋಯಿತು. ವೆಂಡೆಲ್ ಟೊಮೆಟೊ ಗಿಡ ನೆಟ್ಟಿದ್ದಾನೆ, ದೇವರೇ ಗತಿ.


ಸೆಪ್ಟೆಂಬರ್ ೨೫, ಸೋಮವಾರ

ನಾಳೆ ಸಾಕ್ಷಿ ಹೇಳಬೇಕು. ಎಲ್ಲ ಸ್ಪಷ್ಟವಾಗಿ ನೆನಪಿದೆ. ಬಾಗಿಲಲ್ಲಿ ನಿಂತಾಗ ಅವನ ಹುಬ್ಬಿನ ಮೇಲೆಲ್ಲ ಹಿಮ. ಮಾತು ತಡವರಿಸಿದ್ದು ಚಳಿಗೆ. ಮೊದಲನೆಯದನ್ನು ನಿಂತೇ ಕುಡಿದ, ಲೋಟ ಹಲ್ಲಿಗೆ ತಾಗಿ ಕಟಕಟ ಅಂತಿತ್ತು. ಎರಡನೆಯದು, ಮೂರನೆಯದು ಕೂತಮೇಲೆ. ನಾಲ್ಕನೆಯದಾದ ಮೇಲೆ ಮುಖಕ್ಕೆ ಬಣ್ಣ ಬಂತು. ಐದನೆಯದನ್ನು ತಾನೇ ಹಾಕಿಕೊಂಡ. ಆರನೆಯದು ಕೈಯಲ್ಲಿದ್ದಾಗ ಮಾರ್ಸಿ ಬಂದಳು. ಬಾಟಲಿಯಲ್ಲಿ ಎಷ್ಟು ಉಳಿದಿತ್ತು ಎಂಬುದೂ ಕಣ್ಣಿಗೆ ಕಟ್ಟಿದ ಹಾಗಿದೆ. ಆರು. ಆಗ ಎರಡು ಎಂದು ಏಕೆ ಬರೆದೆನೋ, ಗಡಿಬಿಡಿಯಲ್ಲಿದ್ದೆ.


ಸೆಪ್ಟೆಂಬರ್ ೨೭, ಬುಧವಾರ

ಗೆದ್ದೆವು!

ತೀರ್ಪು ಹೇಳುವ ಜ್ಯೂರಿಯಲ್ಲಿ ನಮ್ಮ ಕಡೆಯವರೇ ಹನ್ನೆರಡು ಜನ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನನ್ನ ಮೀನು ತಿಂದವರು. ಸರ್ಕಾರಿ ವಕೀಲೆ ಪಟ್ಟಣದಿಂದ ಬಂದ ಹುಡುಗಿ. ಬಹಳ ಚುರುಕು, ಪಾಪ.

“ಆರು ಪೆಗ್ ಕೊಟ್ಟೆ ಅಂತೀರಿ. ಬಿಲ್ ಎಲ್ಲಿ?” ಎಂದಳು.

“ತಮ್ಮನಿಗೆ ಬಿಲ್ ಮಾಡ್ತಾರೇನಮ್ಮ? ನಿಮ್ಮ ಕಡೆ ಮಾಡ್ತಾರಾ?”

ಜ್ಯೂರಿ ನಕ್ಕಿತು. ನ್ಯಾಯಾಧೀಶರು ಕೆಮ್ಮಿದರು. ಅಲ್ಲಿಗೆ ಕೇಸು ಮುಗಿದ ಹಾಗೇ. ಮಾರ್ಸಿ ಮಾತ್ರ ಗೋಡೆ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಬೇರೆ ಕೆಲಸ ಇರಲಿಲ್ಲವೇನೋ.

‘ನಿರ್ದೋಷಿ’ ಎಂದ ಕೂಡಲೇ ವೆಂಡೆಲ್ ನನ್ನನ್ನು ಅಪ್ಪಿ ಎತ್ತಿದ. ಅತ್ತೆ. ಸಂಜೆ ಏಳು ತಿಂಗಳ ಮೇಲೆ ಅವನು ಬಾರಿನ ಮುಂಬಾಗಿಲಿನಿಂದ ಒಳಗೆ ಬಂದ. ಚಪ್ಪಾಳೆ, ಶಿಳ್ಳೆ. ನಮ್ಮಲ್ಲಿ ಯಾರಾದರೂ ನಿಮಗೆ ಕುಡಿಸಬೇಕೆಂದು ದುಡ್ಡು ಕೊಟ್ಟರೆ, ನಿಮ್ಮ ಮುಂದೆ ಒಂದು ಚಿಕ್ಕ ಲೋಟ ಬೋರಲು ಹಾಕುತ್ತೇವೆ: ನಿಮಗೊಂದು ಬಾಕಿ ಇದೆ ಅಂತ. ಅವನ ಮುಂದೆ ಬೋರಲು ಲೋಟಗಳು ಬಾರಿನ ಕಟ್ಟೆಯ ತುದಿ ಮುಟ್ಟಿದವು. ಸ್ಟೌಬ್ ಎರಡು ಹಾಕಿಸಿದ. ಜ್ಯೂರಿಯಲ್ಲಿದ್ದವನೇ ಒಬ್ಬ ಬಂದು ಒಂದು ಹಾಕಿಸಿದ.

ವೆಂಡೆಲ್ ನನ್ನ ಮುಖ ನೋಡಿದ. ನಾನು ಬೇಡ ಎನ್ನಲಿ ಎಂದು ನೋಡಿದನೇ? ನನಗೆ ಹಾಗನ್ನಿಸಿತು. ಆದರೆ ಎಲ್ಲರೂ ಕಾಯುತ್ತಿದ್ದರು.

ಮೊದಲನೆಯದನ್ನು ನಾನೇ ಸುರಿದೆ.


ಅಕ್ಟೋಬರ್ ೬, ಶುಕ್ರವಾರ

ಮೀನು ಕರಿಯಲು ವೆಂಡೆಲ್ ಬರಲಿಲ್ಲ. ಸ್ವತಂತ್ರ ಪ್ರಜೆ, ಏಕೆ ಬರಬೇಕು? ನಾನೇ ಕರಿದೆ. ಮಿಸೆಸ್ ಲಿಂಡಾಲ್ ಒಂದು ತುಂಡು ಬಿಟ್ಟು, ಕೈ ಒರೆಸಿಕೊಂಡು ಮಾತಿಗೆ ಶುರುಮಾಡಿದರು. ಎಂಬತ್ತೆರಡು ವರ್ಷ, ಧ್ವನಿ ಎತ್ತರಿಸಿದ್ದನ್ನು ಯಾರೂ ಕೇಳಿಲ್ಲ.

“ಆರು ಅಂದ್ಯಂತೆ ಬರ್ನಿ.”

“ಹೌದು.”

“ಅವತ್ತು ವೆಂಡೆಲ್ ಹಾಡ್ತಾ ಇದ್ದ,” ಎಂದರು. “ಟಪಾಲು ಪೆಟ್ಟಿಗೆ ಮುರಿದ ಸದ್ದಿಗೆ ನಾನು ಆಚೆ ಬಂದೆ. ಹಿಮದಲ್ಲಿ ಅಂಗಾತ ಮಲಗಿ ಹಾಡ್ತಾ ಇದ್ದ. ಹಿಡಿದು ನಿಲ್ಲಿಸಿದ್ದು ನಾನೇ. ಆ ವಾಸನೆಗೆ ನನಗೇ ಅಮಲು ಬಂದ ಹಾಗಾಯ್ತು. ನಿನ್ನ ಬಾರಿಗೆ ದಾರಿ ತೋರಿಸಿದೆ.”

“ಕೋರ್ಟಲ್ಲಿ ಯಾಕೆ ಹೇಳ್ಲಿಲ್ಲ?”

“ಯಾರು ಕೇಳಿದ್ರು? ಕೇಳದೆ ಹೇಳೋದು ನಮ್ಮನೆ ಅಭ್ಯಾಸ ಅಲ್ಲ. ನಿನಗೆ ಗೊತ್ತೇ ಇರುತ್ತೆ ಅಂದ್ಕೊಂಡೆ.” ಸಾಸ್ ಬಟ್ಟಲು ಹತ್ತಿರಕ್ಕೆ ಎಳೆದುಕೊಂಡರು. “ದಿನಾ ಆ ಹೊತ್ತಿಗೇ ಟಪಾಲು ತಗೊಳೋಕೆ ಪೆಟ್ಟಿಗೆ ಹತ್ರ ಹೋಗ್ತೀನಿ. ಅವತ್ತು ಒಂದು ಬೂಟು ಸಿಗ್ಲಿಲ್ಲ. ಹುಡುಕ್ತಾ ಕೂತಿದ್ದೆ.”

ಇಷ್ಟು ಹೇಳಿ ಇನ್ನೊಂದು ಬ್ರೆಡ್ ಕೊಡು ಎಂದರು. ಕೊಟ್ಟೆ. ದುಡ್ಡು ಬೇಡ ಎಂದರೂ ಎಣಿಸಿ ಇಟ್ಟು ಹೋದರು. ಬಹಳ ಹೊತ್ತು ಒಂದೇ ಲೋಟವನ್ನು ತೊಳೆಯುತ್ತಲೇ ಇದ್ದೆ.

ಮುದುಕಿಯರಿಗೆ ನೆನಪು ಕೆಡುತ್ತದೆ. ಹಾಗೆಂದು ಬರೆದು ಮಲಗೋಣ ಎಂದುಕೊಂಡಿದ್ದೆ. ಬರೆದಿದ್ದೇನೆ. ನಿದ್ದೆ ಇಲ್ಲ.


ಅಕ್ಟೋಬರ್ ೨೩, ಸೋಮವಾರ

ಬೆಳಿಗ್ಗೆ ಅವನ ಮನೆಗೆ ಹೋದೆ. ಹನ್ನೊಂದಾದರೂ ಎದ್ದಿರಲಿಲ್ಲ. ಟೊಮೆಟೊ ಎಲ್ಲ ಗಿಡದಲ್ಲೇ ಕೊಳೆತಿದೆ.

“ಕೆಲಸಕ್ಕೆ ಬಾರೋ. ನನ್ನ ಮೀನು ಯಾರೂ ತಿಂತಿಲ್ಲ.”

“ಆಗಲಿ ಅಕ್ಕ, ನಾಳೆ.” ಲೋಟ ಹಿಡಿದುಕೊಳ್ಳಲು ಎರಡು ಕೈ ಬೇಕಾಯಿತು ಅವನಿಗೆ. “ಹೆದರ್ಬೇಡ, ನಾನು ಆರಾಮಾಗಿದೀನಿ. ನೀನೊಬ್ಳು ಇದೀಯಲ್ಲ ನನಗೆ.”

ಎಷ್ಟು ದೊಡ್ಡ ಗೌರವ.


ನವೆಂಬರ್ ೧೮, ಶನಿವಾರ

ಇವತ್ತು ಬೇಟೆ ಶುರು. ಬೆಳಕು ಹರಿದಾಗಿನಿಂದ ಕಾಡಿನ ಕಡೆಯಿಂದ ಗುಂಡಿನ ಸದ್ದು. ಸ್ಟೌಬ್ ಎರಡು ಸಲ ಫೋನ್ ಮಾಡಿದ, ಎತ್ತಲಿಲ್ಲ. ಅವನು ಏನು ಹೇಳುತ್ತಾನೆಂದು ಗೊತ್ತು: ಪ್ರಮಾಣ ಮಾಡಿ ಹೇಳಿದ್ದರ ಬಗ್ಗೆ ಯಾರ ಹತ್ತಿರವೂ ಬಾಯಿ ಬಿಡಬೇಡಿ, ನಿಮ್ಮ ಬಾರಿನ ಲೈಸೆನ್ಸು ಹೋಗುತ್ತದೆ, ನೀವೂ ಒಳಗೆ ಹೋಗುತ್ತೀರಿ. ನನ್ನ ಯೋಗಕ್ಷೇಮದ ಬಗ್ಗೆ ಎಷ್ಟೊಂದು ಕಾಳಜಿ. ಈ ವರ್ಷ ವೆಂಡೆಲ್ ಕೈಯ ಜಿಂಕೆ ಸಾಸೇಜೂ ಇಲ್ಲ. ಅಂಗಡಿಯದನ್ನೇ ತಿನ್ನಬೇಕು, ರಬ್ಬರಿನ ಹಾಗಿರುತ್ತದೆ.

ನಿನ್ನೆ ಸಂಜೆಯದನ್ನು ಬರೆದುಬಿಡುತ್ತೇನೆ.

ಬಾರು ತುಂಬಾ ಬೇಟೆಗಾರರ ಕಿತ್ತಳೆ ಬಣ್ಣದ ಕೋಟುಗಳು, ಎಲ್ಲರದೂ ಬರೀ ಜಿಂಕೆಯ ಮಾತು. ಫೋನು ಬಂತು. ವೆಂಡೆಲ್.

“ಅಕ್ಕ, ಚರ್ಚ್ ತಿರುವಲ್ಲಿ ಸ್ವಲ್ಪ ಕೆಳಗಿಳಿದುಬಿಟ್ಟಿದೀನಿ.”

“ಯಾರಿಗೆ ಏನಾಯ್ತು?”

“ಯಾರೂ ಇಲ್ಲ. ಒಂದು ಬೇಲಿ ಹೋಯ್ತು ಅಷ್ಟೆ. ಈಗ ಕೇಳು, ಬೇಗ ಬ್ರಾಂಡಿ ತಗೊಂಡ್ ಬಾ. ಪೂರ್ತಿ ಬಾಟ್ಲಿ. ಗಾಡೀಲಿ ಬಿಯರ್ ನಾಲ್ಕೇ ಇದೆ, ಅಷ್ಟಕ್ಕೆ ಸ್ಟೌಬ್ ಲೆಕ್ಕ ಕೂಡಲ್ಲ.”

“ಕುಡಿದಿದೀಯೇನೋ?”

“ಇನ್ನೂ ಇಲ್ಲ ಅಂತ ಇಟ್ಕೋ.” ನಕ್ಕ. ನಾಲಿಗೆ ಮಡಚಿಕೊಳ್ಳುತ್ತಿತ್ತು. “ಬೇಗ ಅಕ್ಕ. ಪೊಲೀಸರು ಬರೋಷ್ಟರಲ್ಲಿ ಕುಡಿದಿರ್ಬೇಕು. ಕಾನೂನು ನಮ್ಮ ಕಡೆ ಇದೆ.”

ಬಾಟಲಿ ತೆಗೆದುಕೊಂಡೆ. ಕೋಟು ಹಾಕಿಕೊಂಡೆ. ಕಾರಿನವರೆಗೂ ಹೋದೆ, ಬಾಟಲಿಯನ್ನು ಪಕ್ಕದ ಸೀಟಿನಲ್ಲಿ ಇಟ್ಟು ಬೆಲ್ಟನ್ನೂ ಹಾಕಿದೆ, ಬೀಳಬಾರದಲ್ಲ. ಶುಕ್ರವಾರ ಸಂಜೆ ಚರ್ಚಿನ ತಿರುವಿನಲ್ಲಿ ಪ್ರಾರ್ಥನೆ ಮುಗಿಸಿ ಜನ ನಡೆದು ಹೋಗುತ್ತಾರೆ. ಮಿಸೆಸ್ ಲಿಂಡಾಲ್ ಹೋಗುತ್ತಾರೆ. ನಿನ್ನೆ ಪ್ರಾರ್ಥನೆ ಹತ್ತು ನಿಮಿಷ ತಡವಾಗಿ ಮುಗಿಯಿತಂತೆ, ಅದಕ್ಕೇ ದಾರಿಯಲ್ಲಿ ಯಾರೂ ಇರಲಿಲ್ಲ ಎಂದು ಇವತ್ತು ಗೊತ್ತಾಯಿತು. ಆಗ ಅದೂ ಗೊತ್ತಿರಲಿಲ್ಲ. ನನಗೆ ತುಂಬಾ ಹೆದರಿಕೆಯಾಯಿತು. ಅವನು ಸೆರೆಮನೆಗೆ ಹೋದಾನು ಎಂಬ ಹೆದರಿಕೆಯಲ್ಲ. ಮುಂದಿನ ಸಲವೂ ನನಗೇ ಫೋನ್ ಮಾಡುತ್ತಾನೆ, ನಾನು ಮತ್ತೆ ಹೋಗುತ್ತೇನೆ, ಒಂದು ದಿನ ಬೇಲಿ ಇರುವ ಜಾಗದಲ್ಲಿ ಯಾರೋ ಇರುತ್ತಾರೆ, ಆಗಲೂ ನನಗೆ ಎಲ್ಲ ಸ್ಪಷ್ಟವಾಗಿ ನೆನಪಿಗೆ ಬರುತ್ತದೆ.

ಕಾರಿನಲ್ಲೇ ಕೂತು ಮಾರ್ಸಿಗೆ ಫೋನ್ ಮಾಡಿದೆ.

“ಏನು ಬರ್ನಿ? ಬಾರಲ್ಲಿ ಗಲಾಟೆನಾ?”

“ವೆಂಡೆಲ್ ಚರ್ಚ್ ತಿರುವಿನ ಹಳ್ಳದಲ್ಲಿದ್ದಾನೆ. ಪೆಟ್ಟಾಗಿಲ್ಲ.”

“ಏನು ಹೇಳ್ತಿದೀಯ ಅಂತ ಗೊತ್ತಾ ನಿನಗೆ?” ಎಂದಳು. “ಈ ಸಲ ಅವನು ಹೊರಗೆ ಬರಲ್ಲ. ಹಳೇದನ್ನೂ ಕೆದಕ್ತಾರೆ. ನಿನ್ನನ್ನೂ ಕೇಳ್ತಾರೆ.”

“ಕೇಳ್ಲಿ. ಎರಡು ಅಂತೀನಿ.”

“ಇವತ್ತು ಊರೆಲ್ಲ ಕುಡಿದು ಕೂತಿದೆ ಬರ್ನಿ, ನಾನೊಬ್ಳೇ ಇರೋದು. ಬರೋಕೆ ಮುಕ್ಕಾಲು ಗಂಟೆ ಆಗುತ್ತೆ.”

“ಮುಕ್ಕಾಲು ಗಂಟೆ ಬೇಡ ಮಾರ್ಸಿ,” ಎಂದೆ. “ಎಲ್ಲ ಬಿಟ್ಟು ಈಗಲೇ ಹೊರಡು. ಅವನು ಕುಡಿಯೋ ಮುಂಚೆ ಬಾ.”